ಚೀನಾದೇಶದ ಉತ್ತರಾಯಣದ ಊಟ

೨೦೧೮ನೆಯ ಇಸವಿಯ ಡಿಸೆಂಬರ್ ತಿಂಗಳ ೧೮ನೆಯ ತಾರೀಖು ನಾವು ದಂಪತಿಗಳು ಬೀಜಿಂಗ್ ನಗರವನ್ನು ಸೇರಿದಾಗ ಸಾಯಂಕಾಲ ಐದೂವರೆ ಗಂಟೆಯಾಗಿದ್ದಿತು. ಅಷ್ಟರಲ್ಲಿಯೇ ಕತ್ತಲೆಯು ಕವಿದು, ಬೀದಿಯ ದೀಪಗಳೆಲ್ಲ ಹತ್ತಿ, ನಮಗೆ ಊಟದ ಹೊತ್ತು ಮೀರಿತೇನೋ ಎಂಬ ಭ್ರಾಂತಿಯುಂಟಾಯಿತು. ಬೆಂಗಳೂರಿನಲ್ಲಿ ವರ್ಷದ ಅತ್ಯಂತ ಕಿರಿದಾದ ಹಗಲು ಕೂಡ ಹನ್ನೊಂದು ಗಂಟೆಗಿಂತ ಹೆಚ್ಚಾಗಿರುವುದರಿಂದ, ಚಳಿಗಾಲದ ಕತ್ತಲೆಯೆಂದರೇನೆಂಬುದು ನಮ್ಮವರಿಗೆ ಚೆನ್ನಾಗಿ ತಿಳಿಯದು. ಬೀಜಿಂಗಿನಲ್ಲಿ ಆ ವಾರದ ಹಗಲು ಒಂಬತ್ತು ಗಂಟೆ ಇಪ್ಪತ್ತು ನಿಮಿಷಗಳಷ್ಟೇ. ಇಂಥ ದೇಶದಲ್ಲಿ ಸೂರ್ಯನು ಹಿಂದಿರುಗುವ ದಿನವನ್ನು ಜನರು ಕಾದುಕೊಂಡಿದ್ದು ಹಬ್ಬವಾಗಿ ಆಚರಿಸಿದರೆ ಅದರಲ್ಲಿ ಆಶ್ಚರ್ಯವೇನು?

ಆ ಹಬ್ಬದ ಹೆಸರು ದೋಂಗ್‌ಝಿ. ಚಳಿಗಾಲದ ತುತ್ತತುದಿ ಎಂದು ಅದರ ಅರ್ಥ. ಚೀನೀಯರು ಸೂರ್ಯನ ನಡೆಯನ್ನನುಸರಿಸಿ ವರ್ಷವನ್ನು ಇಪ್ಪತ್ತನಾಲ್ಕು ಕಾಲಭಾಗಗಳಾಗಿ ಹಂಚಿರುವರು. ಈ ವಿಭಾಗಕ್ರಮವನ್ನು ಯುನೆಸ್ಕೋ ಸಂಸ್ಥೆಯು ೨೦೧೬ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ದೋಂಗ್‌ಝಿಯು ಸಾಮಾನ್ಯವಾಗಿ ಡಿಸೆಂಬರ್ ೨೧ ಅಥವಾ ೨೨ರಂದು ಬರುವುದು. ವಾಚಕರು ಗಮನಿಸಬೇಕಾದ ಸಂಗತಿಯೆಂದರೆ, ನಾವು ಸಂಕ್ರಾಂತಿಯ ದಿನ ಯಾವ ಉತ್ತರಾಯಣ ಪುಣ್ಯಕಾಲವನ್ನು ಆಚರಿಸುವೆವೋ, ಚೀನೀಯರ ಹಬ್ಬವೂ ಅದೇ ಉತ್ತರಾಯಣದ್ದು. ನಾವು ನಕ್ಷತ್ರಗಳನ್ನು ಹಿಡಿದು ಲೆಕ್ಕ ಮಾಡುವೆವು, ಅವರು ಬಿಸಿಲಿನ ನೆರಳನ್ನು ಹಿಡಿದು ಲೆಕ್ಕ ಮಾಡುವರು. ಸುಮಾರು ೧೭೦೦ ವರ್ಷಗಳ ಹಿಂದೆ ಈ ಎರಡು ಲೆಕ್ಕಗಳೂ ಒಂದೇ ದಿನಕ್ಕೆ ಬರುತ್ತಿದ್ದವು. ಬಳಿಕ ಅಯನಚಲನೆಯಿಂದ ಸುಮಾರು ಎಪ್ಪತ್ತೆರಡು ವರ್ಷಗಳಿಗೊಂದು ದಿನದಂತೆ ಅಂತರವು ಬೆಳೆದು, ಈಗ ಇಪ್ಪತ್ತನಾಲ್ಕು ದಿನಗಳಷ್ಟಾಗಿದೆ. ಸೂರ್ಯನು ಮಾತ್ರ ಯಾರ ಪಂಚಾಂಗವನ್ನೂ ಕೇಳದೆ ಡಿಸೆಂಬರಿನಲ್ಲಿಯೇ ತಿರುಗುವನು.

ಇನ್ನು ನಾವು ಅಲ್ಲಿಗೆ ಹೋದುದೇಕೆಂಬುದನ್ನು ಹೇಳಬೇಕು. ನಮಗೆ ಒಬ್ಬಳೇ ಮಗಳು. ಅವಳು ಜರ್ಮನಿಯಲ್ಲಿ ವ್ಯಾಸಂಗ ಮಾಡುತ್ತ ಸೂಝೌ ನಗರದ ಒಬ್ಬ ಹುಡುಗಿಯೊಡನೆ ಒಂದೇ ಬಿಡಾರದಲ್ಲಿದ್ದಳು. ಆ ವರ್ಷದ ಯುಗಾದಿಗೆ ಬರುವೆನೆಂದು ಮಾತುಕೊಟ್ಟಿದ್ದವಳು, ಪ್ರಯೋಗಶಾಲೆಯ ಕೆಲಸವೆಂದು ಹೇಳಿ ಕೊನೆಯ ಗಳಿಗೆಯಲ್ಲಿ ಬರಲಿಲ್ಲ. ನೆನೆಹಾಕಿದ್ದ ಕಡಲೇಬೇಳೆಯನ್ನು ನೋಡಿ, "ಇನ್ನು ಯಾರಿಗಾಗಿ ಹೋಳಿಗೆ?" ಎಂದು ನಾವು ಅಂದುಬಿಟ್ಟೆವು. ಅಂದು ಮನೆಯಲ್ಲಿ ಹೋಳಿಗೆಯಾಗಲಿಲ್ಲ. ಆಮೇಲೆ ಒಂಬತ್ತು ತಿಂಗಳು ಟೆಲಿಫೋನಿನಲ್ಲಿ ನಮ್ಮ ಮಾತು ಕ್ಷೇಮಸಮಾಚಾರವನ್ನು ಮೀರಲಿಲ್ಲ. ತಾಯಿಮಗಳು ಮಾತ್ರ ಒಳಗೊಳಗೇ ಏನನ್ನೋ ಮಾತನಾಡಿಕೊಳ್ಳುತ್ತಿದ್ದರು. ಆ ಸೂಝೌ ಹುಡುಗಿಯ ತಂದೆತಾಯಿಗಳು ತಮ್ಮ ಹಬ್ಬಕ್ಕೆ ನಮ್ಮನ್ನು ಕರೆದಿರುವರೆಂದೂ, ಹೋಗಲೇಬೇಕೆಂದೂ ನಮ್ಮ ಮನೆಯಾಕೆಯು ಹೇಳಿದಾಗ ನಮಗೆ ಅಷ್ಟೇನೂ ಉತ್ಸಾಹವಿರಲಿಲ್ಲ. ಹೊರಟೆವು, ಅಷ್ಟೆ.

ಬೀಜಿಂಗಿನಲ್ಲಿ ನಾವಿದ್ದುದು ಎರಡು ದಿನ. ಮೊದಲು ನೋಡಿದುದು ಸ್ವರ್ಗದೇವಾಲಯವನ್ನು. ೧೪೨೦ರಲ್ಲಿ ಕಟ್ಟಿದ ಈ ವಿಶಾಲವಾದ ಆವರಣದ ದಕ್ಷಿಣಭಾಗದಲ್ಲಿ ೧೫೩೦ರಲ್ಲಿ ನಿರ್ಮಿಸಿದ ದುಂಡನೆಯ ವೇದಿಕೆಯೊಂದುಂಟು. ಅದಕ್ಕೆ ಗೋಡೆಯಿಲ್ಲ, ಮಾಡಿಲ್ಲ. ಮೇಲೆ ಆಕಾಶವೇ ಮಾಡು. ಚಕ್ರವರ್ತಿಯು ದೋಂಗ್‌ಝಿಯ ದಿನ ಸೂರ್ಯೋದಯಕ್ಕೆ ಮುಂಚೆ ಇಲ್ಲಿ ನಿಂತು ಸ್ವರ್ಗಕ್ಕೆ ಬಲಿಯನ್ನರ್ಪಿಸುತ್ತಿದ್ದನು. ಅದಕ್ಕೆ ಮುಂಚೆ ಮೂರು ದಿನ ಅವನು ಮದ್ಯಮಾಂಸಗಳನ್ನು ಬಿಟ್ಟು, ಸಂಗೀತವನ್ನು ಕೇಳದೆ, ನಿಯಮದಿಂದಿರಬೇಕಾಗಿದ್ದಿತು. ದೇಶಕ್ಕೆಲ್ಲ ಉಣ್ಣುವ ಹಬ್ಬ, ದೊರೆಗೆ ಮಾತ್ರ ಉಪವಾಸವೆಂದು ನಮ್ಮ ಮನೆಯಾಕೆಯು ನಕ್ಕಳು. ಅರಸೊತ್ತಿಗೆಯು ಹೋದ ಮೇಲೆ ೧೯೧೪ರಲ್ಲಿ ಗಣರಾಜ್ಯದ ಅಧ್ಯಕ್ಷನಾಗಿದ್ದ ಯುವಾನ್ ಶಿಕಾಯ್ ಎಂಬಾತನು ಮತ್ತೊಮ್ಮೆ ಈ ಪೂಜೆಯನ್ನು ಮಾಡಿದನು. ೧೯೧೮ರಲ್ಲಿ ಈ ಸ್ಥಳವು ಸಾರ್ವಜನಿಕ ಉದ್ಯಾನವಾಯಿತು.

ವೇದಿಕೆಯ ಮೇಲುಜಗತಿಯ ನಡುವೆ ಒಂದು ದುಂಡುಕಲ್ಲಿದೆ. ಅದರ ಸುತ್ತ ಒಂಬತ್ತು ಚಪ್ಪಡಿಗಳು, ಅದರಾಚೆ ಹದಿನೆಂಟು, ಹೀಗೆ ಬೆಳೆಯುತ್ತ ಹೋಗಿ ಒಂಬತ್ತನೆಯ ಸುತ್ತಿನಲ್ಲಿ ಎಂಬತ್ತೊಂದು ಚಪ್ಪಡಿಗಳಿವೆ. ಎಂಬತ್ತೊಂದೆಂಬುದು ಚೀನೀಯರ ಗೃಹಜೀವನದಲ್ಲಿಯೂ ಬರುವ ಸಂಖ್ಯೆ. ದೋಂಗ್‌ಝಿಯಿಂದ ಒಂಬತ್ತು ದಿನಗಳ ಒಂಬತ್ತು ಕಂತುಗಳನ್ನೆಣಿಸಿದರೆ ಚಳಿಯು ಮುಗಿಯಿತೆಂದು ಅವರ ಲೆಕ್ಕ. ಹಿಂದೆ ಮನೆಗಳಲ್ಲಿ ಎಂಬತ್ತೊಂದು ದಳಗಳ ಹೂಗೊಂಚಲೊಂದನ್ನು ಕಾಗದದ ಮೇಲೆ ಬರಿಯ ಗೆರೆಗಳಿಂದ ಬರೆದು, ದಿನಕ್ಕೊಂದು ದಳಕ್ಕೆ ಬಣ್ಣ ತುಂಬುತ್ತಿದ್ದರು. ಎಲ್ಲ ದಳಗಳೂ ಕೆಂಪಾಗುವ ಹೊತ್ತಿಗೆ ಹೊರಗಡೆ ನಿಜವಾದ ಹೂವು ಬಂದಿರುತ್ತಿತ್ತು. ಅಂಗಡಿಯೊಂದರಲ್ಲಿ ಅಂಥ ಚಿತ್ರಗಳನ್ನು ಮಾರುತ್ತಿದ್ದುದನ್ನು ಕಂಡು ಒಂದನ್ನು ಕೊಂಡೆವು.

ಉತ್ತರ ಚೀನಾದವರ ಹಬ್ಬದ ತಿಂಡಿ ಜಿಯಾವ್‌ಜಿ. ನಮ್ಮ ಕರಿಗಡುಬಿನ ಆಕಾರವನ್ನು ನೆನೆದುಕೊಂಡರೆ ಸಾಕು, ಆದರೆ ಇದನ್ನು ಕರಿಯುವುದಿಲ್ಲ, ಕುದಿಯುವ ನೀರಿನಲ್ಲಿ ಬೇಯಿಸುವರು, ಹೂರಣವೂ ಸಿಹಿಯಲ್ಲ. ಗೋಧಿಹಿಟ್ಟಿನ ಕಣಕವನ್ನು ಅಂಗೈಯಗಲದ ಬಿಲ್ಲೆಗಳಾಗಿ ಲಟ್ಟಿಸುವರು. ನಡುವೆ ದಪ್ಪ, ಅಂಚಿನಲ್ಲಿ ತೆಳ್ಳಗೆ ಇರಬೇಕು. ಇಲ್ಲವಾದರೆ ಮಡಿಸಿದ ಅಂಚು ಬೇಯುವಷ್ಟರಲ್ಲಿ ಹೊಟ್ಟೆಯೊಡೆಯುವುದು. ಒಳಗೆ ಸಾಮಾನ್ಯವಾಗಿ ಕುರಿಯ ಅಥವಾ ಹಂದಿಯ ಮಾಂಸವನ್ನು ತುಂಬುವರು. ನಾವು ಶಾಕಾಹಾರಿಗಳೆಂದು ತಿಳಿಸಿದ ಮೇಲೆ, ಉದ್ದೆಲೆಯ ಕೋಸು, ಅಣಬೆ, ಗಜ್ಜರಿ, ಸೋಯಾಹಾಲನ್ನು ಒಡೆಸಿ ಮಾಡಿದ ತೋಫು ಇವುಗಳನ್ನು ಕೊಚ್ಚಿ ತುಂಬಿದುದನ್ನು ತಂದುಕೊಟ್ಟರು. ಇದನ್ನು ಲೆಕ್ಕದಿಂದ ಮಾರುವುದಿಲ್ಲ, ತೂಕದಿಂದ ಮಾರುವರು: ಲಿಯಾಂಗ್ ಎಂದರೆ ಐವತ್ತು ಗ್ರಾಮು, ಅದೂ ಹಿಟ್ಟಿನ ತೂಕ. ಈ ಮರ್ಮವನ್ನರಿಯದೆ ಮೂರು ಮೂರು ಲಿಯಾಂಗ್ ಹೇಳಿ ನಾವು ಕಡುಬಿನ ಬೆಟ್ಟವನ್ನೇ ಎದುರಿಗಿಟ್ಟುಕೊಳ್ಳಬೇಕಾಯಿತು. ತಿಂದಾದ ಮೇಲೆ ಬೇಯಿಸಿದ ನೀರನ್ನೇ ಬಟ್ಟಲಿಗೆ ಹಾಕಿ ಕುಡಿಯಲು ಕೊಡುವರು. ಅನ್ನದ ತಿಳಿಯನ್ನು ಚೆಲ್ಲದೆ ಕುಡಿಯುತ್ತಿದ್ದ ನಮ್ಮ ಅಜ್ಜಿಯಂದಿರು ಇದನ್ನು ಮೆಚ್ಚುತ್ತಿದ್ದರು.

ಈ ಕಡುಬಿಗೊಂದು ಕಥೆಯುಂಟು. ಸುಮಾರು ೧೮೦೦ ವರ್ಷಗಳ ಹಿಂದೆ ಝಾಂಗ್ ಝೋಂಗ್‌ಜಿಂಗ್ ಎಂಬ ವೈದ್ಯಶ್ರೇಷ್ಠನು ತನ್ನ ಊರಾದ ನಾನ್‌ಯಾಂಗಿಗೆ ಬಂದಾಗ, ಬಡವರ ಕಿವಿಗಳು ಚಳಿಗೆ ಮರಗಟ್ಟಿ ಹುಣ್ಣಾಗಿರುವುದನ್ನು ಕಂಡನಂತೆ. ಕುರಿಯ ಮಾಂಸವನ್ನೂ ಉಷ್ಣಕಾರಿಯಾದ ಮೂಲಿಕೆಗಳನ್ನೂ ಕೊಚ್ಚಿ, ಹಿಟ್ಟಿನ ಬಿಲ್ಲೆಗಳಲ್ಲಿ ಕಿವಿಯ ಆಕಾರಕ್ಕೆ ಮಡಿಸಿ, ಬೇಯಿಸಿ ಎಲ್ಲರಿಗೂ ಹಂಚಿದನಂತೆ. ಅಂದಿನಿಂದ, ದೋಂಗ್‌ಝಿಯ ದಿನ ಜಿಯಾವ್‌ಜಿ ತಿನ್ನದವರ ಕಿವಿಗಳು ಚಳಿಗೆ ಉದುರಿಹೋಗುವುವೆಂದು ಮಕ್ಕಳನ್ನು ಹೆದರಿಸುವ ವಾಡಿಕೆ. ವೈದ್ಯನೇನೋ ನಿಜವಾಗಿ ಬಾಳಿದವನು. ಜ್ವರಗಳನ್ನು ಕುರಿತು ಅವನು ಬರೆದ ಗ್ರಂಥವನ್ನು ಚೀನೀವೈದ್ಯರು ಇಂದಿಗೂ ಓದುವರು. ಆದರೆ ಕಥೆಯನ್ನು ಹೇಳುವವರು ಅವನ ಕಡುಬಿನಲ್ಲಿ ಮೆಣಸಿನಕಾಯನ್ನೂ ಸೇರಿಸುವರು. ಮೆಣಸಿನಕಾಯಿಯು ಅಮೆರಿಕಾಖಂಡದಿಂದ ಹೊರಟು ಚೀನಾವನ್ನು ಮುಟ್ಟಿದುದು ಹದಿನಾರನೆಯ ಶತಮಾನದ ಕೊನೆಯ ವೇಳೆಗೆ. ನಮ್ಮ ಸಾರಿಗೂ ಅದು ಪೋರ್ಚುಗೀಸರು ಬಂದ ಮೇಲಿನ ಅತಿಥಿಯೇ. ಕಥೆಗೆ ಒಗ್ಗರಣೆಯನ್ನು ಆಮೇಲೆ ಯಾರೋ ಹಾಕಿರಬೇಕು.

೨೦ನೆಯ ತಾರೀಖು ದಕ್ಷಿಣಕ್ಕೆ ರೈಲು ಹತ್ತಿದೆವು. ೨೦೧೧ರಲ್ಲಿ ತೆರೆದ ಈ ಹೊಸಮಾರ್ಗದಲ್ಲಿ ಬೀಜಿಂಗಿನಿಂದ ಸೂಝೌ ನಗರಕ್ಕೆ ಸುಮಾರು ಐದು ಗಂಟೆಗಳ ಪ್ರಯಾಣ. ಹಳದಿ ನದಿಯನ್ನು ದಾಟಿದ ಮೇಲೂ ಬಹಳ ದೂರ ಹೊಲಗಳಲ್ಲಿ ಚಳಿಗಾಲದ ಗೋಧಿಯು ನೆಲಕ್ಕಂಟಿಕೊಂಡು ಹಸುರಾಗಿದ್ದಿತು. ಬೆಂಗ್‌ಬು ಎಂಬ ಊರಿನ ಬಳಿ ಹುವಾಯ್ ನದಿಯು ಬಂದಿತು. ನೋಡಲು ಅದೇನೂ ಮಹಾನದಿಯಲ್ಲ. ಆದರೆ ಚೀನಾದೇಶದ ಅಡುಗೆಮನೆಯು ಎರಡಾಗುವುದು ಅಲ್ಲಿಯೇ. ವರ್ಷಕ್ಕೆ ಸುಮಾರು ೮೦೦ ಮಿಲಿಮೀಟರು ಮಳೆಬೀಳುವ ಗೆರೆಯು ಈ ನದಿಯನ್ನು ಹಿಡಿದು ಹೋಗುವುದು. ಅದರ ಬಡಗಲಲ್ಲಿ ಗೋಧಿ, ತೆಂಕಲಲ್ಲಿ ಭತ್ತ. ತುಂಗಭದ್ರೆಯ ಆಚೆ ಜೋಳದ ರೊಟ್ಟಿಯನ್ನೂ ಈಚೆ ರಾಗಿಯ ಮುದ್ದೆಯನ್ನೂ ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮುಂದೆ ಸ್ವಲ್ಪ ಹೊತ್ತಿನಲ್ಲಿಯೇ ಕೆರೆಗಳೂ ಕಾಲುವೆಗಳೂ ಕುಯ್ಲಾದ ಗದ್ದೆಗಳೂ ಕಾಣತೊಡಗಿದುವು. ಹಬ್ಬದ ಕಡುಬು ಹಬ್ಬದ ಉಂಡೆಯಾಗುವುದು ಈ ಗದ್ದೆಗಳಿಂದಲೇ.

ಸೂಝೌ ಕಾಲುವೆಗಳ ಊರು, ರೇಷ್ಮೆಯ ಊರು. ಅಲ್ಲಿನ ಉದ್ಯಾನಗಳನ್ನು ಹೊಗಳಿ ಬರೆದವರು ಬಹುಮಂದಿ. ನಾವು ಅದಕ್ಕೆ ಕೈಹಾಕುವುದಿಲ್ಲ. ಆ ಮನೆಯ ಯಜಮಾನರು ರೇಷ್ಮೆ ಗಿರಣಿಯೊಂದರಲ್ಲಿ ಯಂತ್ರಗಳನ್ನು ನೋಡಿಕೊಂಡಿದ್ದು ನಿವೃತ್ತರಾದವರು. ಬೆಂಗಳೂರಿನ ಹೆಸರು ಅವರಿಗೆ ಹೊಸದಲ್ಲ. ಚೀನಾದ ಕಚ್ಚಾರೇಷ್ಮೆಯು ನಮ್ಮ ಮಗ್ಗಗಳಿಗೆ ಬರುತ್ತಿದ್ದುದನ್ನು ಅವರು ಬಲ್ಲರು. ಅವರ ತಂಗಿಯ ಮಗಳು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವಾಕೆ. ಅವಳೇ ನಮಗೆ ದುಭಾಷಿ. ಮನೆಯೊಡತಿಯು ನಮ್ಮ ಮನೆಯಾಕೆಯನ್ನು ತಮ್ಮ ಮಾತಿನಲ್ಲಿ ಅಕ್ಕ ಎಂದು ಕರೆದು, ಕೈಹಿಡಿದು, ನೇರವಾಗಿ ಅಡುಗೆಮನೆಗೆ ಕರೆದೊಯ್ದರು. ನಾವು ಕೋಟು ಬಿಚ್ಚದೆ ಕುಳಿತೆವು. ಬೀಜಿಂಗಿನಲ್ಲಿ ಹೊರಗೆ ನೀರು ಹೆಪ್ಪುಗಟ್ಟಿದ್ದರೂ ಒಳಗೆ ಕೊಳವೆಗಳ ಮೂಲಕ ಊರಿಗೆಲ್ಲ ಶಾಖವನ್ನೊದಗಿಸುವ ಏರ್ಪಾಡಿದೆ. ಆ ಏರ್ಪಾಡು ಹುವಾಯ್ ನದಿಯ ಗೆರೆಯಿಂದೀಚೆಗೆ ಸಾಮಾನ್ಯವಾಗಿ ಇಲ್ಲ. ಹೀಗಾಗಿ ಬೆಚ್ಚಗಿನ ದಕ್ಷಿಣದಲ್ಲಿ ಮನೆಯೊಳಗೆ ನಡುಗಬೇಕಾಯಿತು.

ಸೂಝೌ ಜನರಿಗೆ ದೋಂಗ್‌ಝಿಯು ಹೊಸವರ್ಷಕ್ಕೆ ಸಮಾನ. ಅದರಲ್ಲಿಯೂ ಹಬ್ಬದ ಹಿಂದಿನ ರಾತ್ರಿಯೇ ಮುಖ್ಯ. ಪ್ರಾಚೀನಕಾಲದ ಝೌ ರಾಜವಂಶದವರ ಪಂಚಾಂಗದಲ್ಲಿ ವರ್ಷಾರಂಭವಾಗುತ್ತಿದ್ದುದು ಈ ತಿಂಗಳಿನಿಂದಲೇ. ತಮ್ಮ ಊರಿನ ಮೂಲಪುರುಷರು ಆ ವಂಶದಿಂದ ಬಂದವರಾದುದರಿಂದ ಈ ಸಂಪ್ರದಾಯವು ಉಳಿದಿದೆಯೆಂದು ಅವರು ಹೇಳಿಕೊಳ್ಳುವರು. ಉಳ್ಳವನು ಈ ರಾತ್ರಿಯೆಲ್ಲ ಉಣ್ಣುವನು, ಇಲ್ಲದವನು ರಾತ್ರಿಯೆಲ್ಲ ನಡುಗುವನು ಎಂಬ ಅರ್ಥದ ಗಾದೆಯೊಂದೂ ಅಲ್ಲಿದೆ. ೨೧ನೆಯ ತಾರೀಖು ಶುಕ್ರವಾರ ಬೆಳಿಗ್ಗೆ ಯಜಮಾನರೊಡನೆ ಪೇಟೆಗೆ ಹೋದೆವು. ಅಂಟಕ್ಕಿಯಿಂದ ಮಾಡಿ, ಗುಯ್‌ಹುವಾ ಎಂಬ ಸಣ್ಣ ಹೂಗಳನ್ನು ಹಾಕಿದ ಸೌಮ್ಯವಾದ ಹಳದಿ ಮದ್ಯವೊಂದುಂಟು; ಅದು ವರ್ಷದಲ್ಲಿ ಈ ಹಬ್ಬದ ಸುಮಾರಿಗೆ ಮಾತ್ರ ದೊರೆಯುವುದು. ಅದಕ್ಕಾಗಿ ಮುದುಕರೂ ಮುದುಕಿಯರೂ ಸೀಸೆಗಳನ್ನು ಹಿಡಿದು ಸಾಲಾಗಿ ನಿಂತಿದ್ದರು. ನಾವು ಕುಡಿಯುವವರಲ್ಲ, ಪರಿಮಳವನ್ನು ಮಾತ್ರ ನೋಡಿದೆವು. ನಮ್ಮ ಪಾರಿಜಾತವನ್ನು ಜೇನಿನಲ್ಲದ್ದಿದಂತಿತ್ತು.

ಹಿಂದಿರುಗಿ ಬರುವಷ್ಟರಲ್ಲಿ ಅಡುಗೆಮನೆಯಲ್ಲೊಂದು ಸಮಸ್ಯೆಯೆದ್ದಿದ್ದಿತು. ಅಂಟಕ್ಕಿಯ ಹಿಟ್ಟಿನ ಉಂಡೆಗಳನ್ನು ಮಾಡಿ, ಒಳಗೆ ಕರಿ ಎಳ್ಳು ಮತ್ತು ಸಕ್ಕರೆಯ ಹೂರಣವನ್ನಿಟ್ಟು, ನೀರಿನಲ್ಲಿ ಬೇಯಿಸಿ, ಆ ನೀರಿನೊಡನೆಯೇ ಬಟ್ಟಲಲ್ಲಿ ಕೊಡುವ ತಿಂಡಿಗೆ ತಾಂಗ್‌ಯುವಾನ್ ಎಂದು ಹೆಸರು. ಸಾರಿನೊಳಗಿನ ದುಂಡುಗಳು ಎಂದು ಅರ್ಥ. ಮನೆಮಂದಿಯೆಲ್ಲ ಒಂದುಗೂಡುವುದಕ್ಕೆ ಹೇಳುವ ತುವಾನ್‌ಯುವಾನ್ ಎಂಬ ಮಾತಿಗೆ ಇದರ ಉಚ್ಚಾರಣೆಯು ಹತ್ತಿರವಾದುದರಿಂದ ಇದು ಹಬ್ಬದ ತಿಂಡಿಯಾಗಿದೆ. ಹತ್ತಿರದ ನಿಂಗ್‌ಬೊ ಪಟ್ಟಣದ ಕ್ರಮದಂತೆ ಎಳ್ಳಿಗೆ ಹಂದಿಯ ಕೊಬ್ಬನ್ನು ಕಲಸಬೇಕು. ಅದು ಚಳಿಗೆ ಗಟ್ಟಿಯಾಗಿ ನಿಂತು ಗೋಲಿ ಕಟ್ಟಲು ಬರುವುದು, ಬೆಂದಾಗ ಕರಗಿ ಹೂರಣವು ಹರಿಯುವಂತಾಗುವುದು. ನಮಗಾಗಿ ಮನೆಯೊಡತಿಯು ಕಡಲೇಕಾಯಿ ಎಣ್ಣೆಯನ್ನು ಹಾಕಿ ನೋಡಿದರು. ಹೂರಣವು ನಿಲ್ಲದೆ ಜಾರುತ್ತಿದ್ದಿತು. ಆಗ ನಮ್ಮ ಮನೆಯಾಕೆಯು ಉಡುಗೊರೆಯಾಗಿ ತಂದಿದ್ದ ಮಂಡ್ಯದ ಅಚ್ಚುಬೆಲ್ಲವನ್ನು ಬಿಚ್ಚಿದಳು. ಹುರಿದ ಕರಿ ಎಳ್ಳನ್ನು ಒರಳಿನಲ್ಲಿ ಹಾಕಿ, ಬೆಲ್ಲವನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಕುಟ್ಟಿದಳು. ಎಳ್ಳು ತನ್ನ ಎಣ್ಣೆಯನ್ನು ತಾನೇ ಬಿಟ್ಟು, ಬೆಲ್ಲಕ್ಕಂಟಿ, ಮುದ್ದೆಗಟ್ಟಿತು. ನಮ್ಮ ಮನೆಗಳ ಚಿಗಳಿಯಲ್ಲದೆ ಅದು ಬೇರೇನು? ಮನೆಯೊಡತಿಯು ಒಂದು ಚೂರನ್ನು ಬಾಯಿಗೆ ಹಾಕಿಕೊಂಡು, ಏನನ್ನೂ ಹೇಳದೆ, ಒನಕೆಯನ್ನು ತಾವು ತೆಗೆದುಕೊಂಡರು.

ಮಾಡಿ ನೋಡಬೇಕೆನ್ನುವ ಗೃಹಿಣಿಯರಿಗಾಗಿ ಎರಡು ಸೂಕ್ಷ್ಮಗಳನ್ನು ಹೇಳುವೆವು. ಕಲಸಿದ ಹಿಟ್ಟಿನಲ್ಲಿ ನಿಂಬೆಗಾತ್ರದ ಒಂದು ತುಂಡನ್ನು ಮೊದಲು ನೀರಿನಲ್ಲಿ ಬೇಯಿಸಿ, ಅದನ್ನು ಮತ್ತೆ ಹಿಟ್ಟಿಗೆ ಸೇರಿಸಿ ನಾದಿದರೆ ಉಂಡೆಯು ಬಿರಿಯುವುದಿಲ್ಲ. ಕುದಿಯುವ ನೀರಿಗೆ ಉಂಡೆಗಳನ್ನು ಬಿಟ್ಟಕೂಡಲೆ ಸೌಟಿನ ಬೆನ್ನಿನಿಂದ ಮೆಲ್ಲಗೆ ತಿರುವಬೇಕು. ನೀರು ಉಕ್ಕಿದಾಗಲೆಲ್ಲ ಒಂದು ಬಟ್ಟಲು ತಣ್ಣೀರು ಹಾಕಬೇಕು. ತೇಲಿದ ಮೇಲೂ ಒಂದೆರಡು ನಿಮಿಷ ಬಿಡಬೇಕು. ಸೂಝೌದಲ್ಲಿ ಇದಲ್ಲದೆ ದೊಡ್ಡ ಗಾತ್ರದ ಹಬ್ಬದ ಉಂಡೆಗಳನ್ನೂ ಮಾಡಿ ಹಬೆಯಲ್ಲಿ ಬೇಯಿಸುವರು. ಅವುಗಳಿಗೆ ಮೂಲಂಗಿಯ ತುರಿ, ಕೆಂಪು ಅವರೆಯಂಥ ಕಾಳಿನ ಸಿಹಿ, ಮಾಂಸ ಇವುಗಳಲ್ಲೊಂದು ಹೂರಣ.

ಕತ್ತಲಾಗುತ್ತಲೆ ಮೊದಲು ಹಿರಿಯರಿಗೆ ಎಡೆಯಾಯಿತು. ಮೇಜಿನ ಮೇಲೆ ಬಟ್ಟಲುಗಳನ್ನೂ ಕಡ್ಡಿಗಳನ್ನೂ ಸಾಲಾಗಿಟ್ಟು, ಮದ್ಯವನ್ನು ಪುಟ್ಟ ಬಟ್ಟಲುಗಳಿಗೆ ಸುರಿದು, ಮೇಣದ ಬತ್ತಿಯನ್ನೂ ಊದುಬತ್ತಿಯನ್ನೂ ಹಚ್ಚಿದರು. ಯಜಮಾನರು ಬಾಗಿ ನಮಸ್ಕರಿಸಿದರು. ಊದುಬತ್ತಿಯು ಉರಿದು ಮುಗಿಯುವವರೆಗೆ ಯಾರೂ ಮೇಜನ್ನು ಮುಟ್ಟಬಾರದು; ಹಿರಿಯರು ಉಣ್ಣುತ್ತಿರುವರು. ಪಿತೃಪಕ್ಷದಲ್ಲಿ ಎಡೆಯಿಟ್ಟು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕುಳಿತಿದ್ದ ನಮ್ಮ ಬಾಲ್ಯವು ನೆನಪಿಗೆ ಬಂದಿತು.

ಆ ಬಿಡುವಿನಲ್ಲಿ ಯಜಮಾನರು ಉದ್ಯೋಗನಿಮಿತ್ತವಾಗಿ ತಾವು ಸುತ್ತಿದ ಊರುಗಳ ಹಬ್ಬವನ್ನು ವರ್ಣಿಸಿದರು. ಚೆಂಗ್‌ದು ನಗರದಲ್ಲಿ ಅಂದು ಕುರಿಮಾಂಸದ ಸಾರನ್ನು ಕುಡಿಯದವರಿಲ್ಲ. ಶಾನ್‌ದೋಂಗ್ ಪ್ರಾಂತದ ತೆಂಗ್‌ಝೌ ಊರಿನಲ್ಲಿಯೂ ಹಾಗೆಯೇ. ಹಾಂಗ್‌ಝೌ ಜನರಿಗೆ ಅಂಟಕ್ಕಿಯ ಬಿಲ್ಲೆಗಳು ಬೇಕು. ತೆಂಕಣ ಕರಾವಳಿಯ ಫೂಜಿಯೆನ್ ಪ್ರಾಂತದಲ್ಲಿ ಹೂರಣವಿಲ್ಲದ ಕೆಂಪುಬಿಳಿ ಉಂಡೆಗಳನ್ನು ಮಾಡಿ, ಬಾಗಿಲಿಗೂ ಒಂದೊಂದನ್ನು ಅಂಟಿಸುವರು. ಉಂಡೆಯನ್ನು ತಿಂದವನಿಗೆ ಒಂದು ವಯಸ್ಸು ಹೆಚ್ಚಿತೆಂದು ಎಣಿಕೆ. ಅಲ್ಲಿಂದ ಹಡಗು ಹತ್ತಿದವರು ಈ ವಾಡಿಕೆಯನ್ನು ತೈವಾನಿಗೂ ಮಲಯಕ್ಕೂ ಸಿಂಗಪುರಕ್ಕೂ ಒಯ್ದಿರುವರು. ಇನ್ನು ಕೆಲವೆಡೆ ಅಂಟಕ್ಕಿಯೊಡನೆ ಕೆಂಪುಕಾಳನ್ನು ಬೇಯಿಸುವರು. ಒಬ್ಬನ ದುಷ್ಟಮಗನು ಈ ದಿನ ಸತ್ತು ರೋಗಪಿಶಾಚಿಯಾದನೆಂದೂ, ಅವನಿಗೆ ಕೆಂಪುಕಾಳೆಂದರೆ ಭಯವೆಂದೂ ಆರನೆಯ ಶತಮಾನದ ಪುಸ್ತಕದಲ್ಲಿಯೇ ಬರೆದಿದೆ; ಕೊರಿಯಾದವರೂ ಈ ದಿನ ಕೆಂಪುಕಾಳಿನ ಗಂಜಿಯನ್ನು ತಪ್ಪದೆ ಕುಡಿಯುವರು. ಗುವಾಂಗ್‌ಝೌ, ಹಾಂಗ್‌ಕಾಂಗ್ ಕಡೆ ಮನೆಮಂದಿಗೆಲ್ಲ ದೊಡ್ಡ ಊಟ. ಕಚೇರಿಗಳಿಂದ ಜನರು ಬೇಗ ಹೊರಡುವರು. ಮಕಾವಿನಲ್ಲಿ ಅಂದು ರಜೆಯೇ ಉಂಟು. "ನಮಗೆ ರಜೆಯಿಲ್ಲ," ಎಂದರು ಯಜಮಾನರು. ೨೦೦೮ರಲ್ಲಿ ಸರ್ಕಾರವು ಮೂರು ಹಳೆಯ ಹಬ್ಬಗಳಿಗೆ ರಜೆ ಕೊಟ್ಟಾಗ ದೋಂಗ್‌ಝಿಯು ಆ ಪಟ್ಟಿಯಲ್ಲಿ ಸೇರಲಿಲ್ಲ. ಹೀಗಾಗಿ ದೂರದಲ್ಲಿರುವ ಮಕ್ಕಳು ಬರುವುದು ಅಪರೂಪ.

ಊದುಬತ್ತಿಯು ಮುಗಿಯಿತು. ಬಡಿಸಿದ್ದನ್ನೆಲ್ಲ ಮತ್ತೆ ಬಿಸಿಮಾಡಿ ತಂದರು. ಮೀನು ಮೊದಲಾದುವು ಆ ಕಡೆ. ನಮ್ಮ ಕಡೆಗೆ ಕಳಲೆ, ಅಣಬೆ, ತೋಫು, ಗೋಧಿಯ ಅಂಟಿನಿಂದ ಮಾಡಿದ ಪಲ್ಯ, ಮತ್ತು ಸೋಯಾ ಮೊಳಕೆ. ಈ ಮೊಳಕೆಗೆ ಅಲ್ಲಿ ಇಷ್ಟಾರ್ಥದ ಪಲ್ಯವೆಂದು ಹೆಸರು. ನಾವಿದ್ದುದು ಐದು ಮಂದಿ. ಮನೆಯೊಡತಿಯು ಆರನೆಯ ಬಟ್ಟಲನ್ನೂ ತಂದು ಬರಿದಾದ ಕುರ್ಚಿಯ ಮುಂದೆ ಇಟ್ಟರು. ಅದರ ಎಡಗಡೆಗೆ ಕಡ್ಡಿಗಳನ್ನಿಟ್ಟರು. ಮನೆಗೆ ಬಾರದವರಿಗೂ ಈ ರಾತ್ರಿ ಬಟ್ಟಲಿಡುವುದು ಊರಿನ ಪದ್ಧತಿಯಂತೆ; ಅವರ ಮಗಳು ಎಡಚಿಯಂತೆ. ಆಮೇಲೆ ಅವರು ನಮ್ಮ ಕಡೆ ತಿರುಗಿ ಏನನ್ನೋ ಕೇಳಿದರು.

"ನಿಮ್ಮ ಮಗಳು ಕಡ್ಡಿಗಳನ್ನು ಯಾವ ಕೈಯಲ್ಲಿ ಹಿಡಿಯುವಳೆಂದು ಅತ್ತೆ ಕೇಳುತ್ತಿರುವರು," ಎಂದಳು ಸೋದರಸೊಸೆ.

ನಮಗೆ ಉತ್ತರವೇ ತೋಚಲಿಲ್ಲ. ನಮ್ಮ ಮನೆಯಾಕೆಯು, "ಕಡ್ಡಿ ಏತಕ್ಕಮ್ಮ? ಅವಳು ಕೈಯಲ್ಲೇ ಉಣ್ಣುವವಳು," ಎಂದಳು, ಅನ್ನುತ್ತಲೆ ಕಣ್ಣೊರೆಸಿಕೊಂಡಳು. ಏಳನೆಯ ಬಟ್ಟಲು ಬಂದಿತು. ಅದರ ಬಲಗಡೆಗೆ ಚಮಚವನ್ನಿಟ್ಟರು, ಕಡ್ಡಿಗಳನ್ನೂ ಇಟ್ಟರು.

ನಾವೂ ಏನಾದರೂ ಮಾಡಬೇಕೆಂದು, ಆ ಬಟ್ಟಲಿನ ಅನ್ನದಲ್ಲಿ ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಹೋದೆವು. ಹುಡುಗಿಯು ಥಟ್ಟನೆ ನಮ್ಮ ಕೈಯನ್ನು ತಡೆದು, ಕಡ್ಡಿಗಳನ್ನು ಮೇಜಿನ ಮೇಲೆ ಮಲಗಿಸಿದಳು. ಅನ್ನದಲ್ಲಿ ಕಡ್ಡಿಗಳನ್ನು ನಿಲ್ಲಿಸುವುದು ಊದುಬತ್ತಿಯನ್ನು ನೆಟ್ಟಂತೆ; ಅದು ಸತ್ತವರಿಗೆ. ಬದುಕಿದ್ದು ದೂರವಿರುವವರ ಕಡ್ಡಿಗಳು ಮಲಗಿರಬೇಕು; ಅವರು ಈಗಲೋ ಇನ್ನೊಂದು ಗಳಿಗೆಗೋ ಬಂದು ಕೈಗೆ ತೆಗೆದುಕೊಳ್ಳುವರು.

ನಡುವೆ ಕೈಫೋನಿನಲ್ಲಿ ಹುಡುಗಿಯರಿಬ್ಬರೂ ಕಾಣಿಸಿಕೊಂಡರು. ನಮಗೆ ಸಂಜೆ ಏಳು, ಅವರಿಗೆ ನಡುಹಗಲು. ಅಂಗಡಿಯ ಹಿಮಗಟ್ಟಿದ ಉಂಡೆಗಳನ್ನು ತಂದು ಬೇಯಿಸಿಕೊಂಡಿದ್ದರಂತೆ. ಮನೆಯೊಡತಿಯು ಫೋನನ್ನು ಏಳನೆಯ ಬಟ್ಟಲಿನ ಕಡೆಗೆ ಹಿಡಿದರು. "ಅಪ್ಪ, ಅದು ನನ್ನದಾ? ಅದರೊಳಗೇನಿದೆ?" ಎಂದು ಮಗಳು ಕೇಳಿದಳು. ನಾವು ಒಂದೊಂದಾಗಿ ಹೇಳಿದೆವು: ಕಳಲೆ, ಅಣಬೆ, ಮೊಳಕೆ, ನಿಮ್ಮಮ್ಮನ ಚಿಗಳಿ ತುಂಬಿದ ಉಂಡೆ ನಾಲ್ಕು. ಚಿಗಳಿಯೆಂದರೆ ಹೇಗೆಂದು ಕೇಳಿದಳು. ಎಳ್ಳನ್ನು ಕುಟ್ಟಿದ ಕಥೆಯನ್ನೆಲ್ಲ ಹೇಳಬೇಕಾಯಿತು. ಯುಗಾದಿಯ ಮಾತನ್ನು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಉಂಡೆಗಳು ಆರಿಹೋದುವು.

ಮರುದಿನ, ಎಂದರೆ ಹಬ್ಬದ ದಿನ, ಬೆಳಿಗ್ಗೆ ತೆಳುವಾದ ಸಾರಿನಲ್ಲಿ ಹುನ್‌ದುನ್ ಎಂಬ ಪುಟ್ಟ ಕಡುಬುಗಳನ್ನು ಕೊಟ್ಟರು. ಅದರೊಡನೆ ಹಿಂದಿನ ರಾತ್ರಿಯ ಆ ಎರಡು ಬಟ್ಟಲುಗಳಲ್ಲಿದ್ದುದನ್ನು ಬಿಸಿಮಾಡಿ, ಒಂದನ್ನು ಅವರು ತಿಂದು, ಇನ್ನೊಂದನ್ನು ನಮಗೆ ತಿನ್ನಿಸಿದರು.

ಊರಿಗೆ ಬಂದ ಮೇಲೆ ೨೦೧೯ರ ಜನವರಿ ೧೫ರಂದು ಸಂಕ್ರಾಂತಿ. ಮಗಳ ಕೋಣೆಯ ಗೋಡೆಯ ಮೇಲೆ ಬೀಜಿಂಗಿನ ಚಿತ್ರವನ್ನು ಅಂಟಿಸಿ, ಅಯನದಿಂದ ಅಂದಿನವರೆಗಿನ ಇಪ್ಪತ್ತೈದು ದಳಗಳಿಗೂ ಒಟ್ಟಿಗೆ ಕುಂಕುಮದ ಬಣ್ಣ ತುಂಬಿದೆವು. ಅಡುಗೆಮನೆಯಲ್ಲಿ ತಾಂಗ್‌ಯುವಾನ್ ಪ್ರಯೋಗ ನಡೆಯಿತು. ಸೋನಾಮಸೂರಿ ಅಕ್ಕಿಯ ಹಿಟ್ಟಿಗೆ ಆ ಅಂಟೆಲ್ಲಿಂದ ಬರಬೇಕು? ಮೊದಲ ಸರದಿಯ ಉಂಡೆಗಳೆಲ್ಲ ಒಡೆದು ಪಾತ್ರೆಯಲ್ಲಿ ಕರಿಗಂಜಿಯಾಯಿತು. ಎರಡನೆಯ ಸರದಿಯನ್ನು ನಮ್ಮ ಮನೆಯಾಕೆಯು ನಮ್ಮ ಕಡುಬಿನ ಹಾಗೆಯೇ ಬಿಸಿನೀರಿನಲ್ಲಿ ಉಕ್ಕರಿಸಿ, ಚಿಗಳಿಯನ್ನು ತುಂಬಿ, ಹಬೆಯಲ್ಲಿ ಬೇಯಿಸಿ ಮಾನವುಳಿಸಿಕೊಂಡಳು. ಊಟಕ್ಕೆ ಕುಳಿತಾಗ ಮೂರು ಎಲೆಗಳಿದ್ದುವು. ನಾವೇನೂ ಕೇಳಲಿಲ್ಲ. ಮೂರನೆಯ ಎಲೆಯ ಮೇಲಿದ್ದ ಉಂಡೆಗಳನ್ನು ಸಂಜೆ ಎಳ್ಳು ಬೀರಲು ಬಂದ ನೆರೆಮನೆಯ ಹುಡುಗಿಯರಿಗೆ ಕೊಟ್ಟಳು. ಅವರು ತಿಂದರು, ಚೆನ್ನಾಗಿವೆಯೆಂದೂ ಹೇಳಿದರು. ಆಮೇಲೆ, ಸಕ್ಕರೆ ಅಚ್ಚು ಇಲ್ಲವೇ ಅಜ್ಜಿ ಎಂದು ಕೇಳಿದರು.